ಶುಕ್ರವಾರದ ಸಭೆ ಭಾನುವಾರಕ್ಕೆ ಬಂದದ್ದು

ನ್ಯೂಜೆರ್ಸಿಯ ಶಾಲೆಗಳಲ್ಲಿ ಯೆಹೂದಿ ಮಕ್ಕಳ ಮೇಲಿನ ದ್ವೇಷವನ್ನು ತಡೆಯುವ ಸರ್ಕಾರಿ ತಂಡದಲ್ಲಿ ಶ್ರೀಮತಿ ಪದ್ಮಜಾ ಪ್ರಭಾಕರ ಅವರದು ಎಲ್ಲರೂ ಗೌರವದಿಂದ ನೆನೆಯುವ ಹೆಸರು. ಅವರು ನಿವೃತ್ತರಾಗುವ ಈ ಹೊತ್ತಿನಲ್ಲಿ ನನಗಂತೂ ಬೇಸರಕ್ಕಿಂತ ಸಂಭ್ರಮವೇ ಹೆಚ್ಚು.

ಮೈಸೂರಿನಲ್ಲಿ ವಿಜ್ಞಾನ ಕಲಿಸಿ, ಇಲ್ಲಿನ ಹಿಲ್ಸ್‌ಬರೋ ಊರಿನಲ್ಲಿ ಹನ್ನೆರಡು ವರ್ಷ ಟೀಚರ್ ಆಗಿದ್ದು, ಆಮೇಲೆ ಈ ಕೆಲಸಕ್ಕೆ ಬಂದವರು ಅವರು. ಮನೆಯಲ್ಲಿ ಕಾವ್ಯವಾಚನ ಕೇಳುತ್ತ ಬೆಳೆದ ನಾನು ಮಾತಿಗಿಂತ ಕೇಳುವುದಕ್ಕೇ ಒಗ್ಗಿದವನು. ಅವರ ಕೈಕೆಳಗೆ ಕೆಲಸಕ್ಕೆ ಸೇರಿ ಮೀಟಿಂಗುಗಳಲ್ಲಿ ಬಾಯಿಬಿಡದ ನನ್ನನ್ನು ಅವರು ಗದರಲಿಲ್ಲ. ಅಳಲು ಹೇಳಲು ಬಂದ ತಾಯಂದಿರ ಎದುರು ಕೂರಿಸಿದರು.

ಅಂಥ ಒಬ್ಬ ತಾಯಿಯ ಮಗಳು ಒಂಬತ್ತನೆಯ ತರಗತಿಯ ಅವಿಟಲ್. ಅವಳ ಲಾಕರಿನ ಮೇಲೆ ಯಾರೋ ಮೂರು ಸಲ ನಾಜಿ ಗುರುತು ಗೀಚಿದ್ದರು. ಶಾಲೆ ಕ್ರಮ ಕೈಗೊಳ್ಳದಿದ್ದರೆ ಅವಳು ಆ ಶಾಲೆಯನ್ನೇ ಬಿಡುವವಳಿದ್ದಳು. ದೂರು ಕೇಳಲು ಸಾರ್ವಜನಿಕ ಸಭೆ ಗೊತ್ತಾಯಿತು. ದಿನ ನಿಗದಿ ಮಾಡಿದವನು ನಾನೇ: ಜನವರಿಯ ಒಂದು ಶುಕ್ರವಾರ, ಸಂಜೆ ಏಳು. ಎಲ್ಲರೂ ಕೆಲಸ ಮುಗಿಸಿ ಊರು ಸೇರಿ ಬರಲೆಂದು. ಒಂದು ಯೆಹೂದಿ ಕುಟುಂಬವೂ ಬರಲಿಲ್ಲ. ಶುಕ್ರವಾರದ ಸೂರ್ಯಾಸ್ತಕ್ಕೆ ಅವರ ವಾರದ ವಿಶ್ರಾಂತಿಯ ವ್ರತ, ಸಬ್ಬತ್, ಆರಂಭ; ಜನವರಿಯಲ್ಲಿ ಇಲ್ಲಿ ಸೂರ್ಯ ಐದಕ್ಕೆಲ್ಲ ಮುಳುಗಿರುತ್ತಾನೆ. ಆಮೇಲೆ ಕಾರು ಮುಟ್ಟದ ಮನೆಗಳೇ ಅಲ್ಲಿ ಹೆಚ್ಚು. ಆ ಊರಿನ ಶಾಲೆಗಳ ಸೂಪರಿಂಟೆಂಡೆಂಟ್ ಮಾತ್ರ ನಿರಾಳವಾಗಿ, ದೂರುಗಳೇನೂ ಇಲ್ಲವೆಂದು ಬರೆದು ಫೈಲ್ ಮುಚ್ಚೋಣ ಎಂದರು.

ಮೇಡಂ ನನ್ನ ಕಡೆ ಬಾಗಿ ಕನ್ನಡದಲ್ಲಿ, "ಏಕಾದಶಿ ದಿನ ಹಬ್ಬದೂಟಕ್ಕೆ ಕರೆದು, ಊರಲ್ಲಿ ಯಾರಿಗೂ ಹಸಿವಿಲ್ಲ ಅಂತ ಬರ್ಕೊಂಡ ಹಾಗಾಯ್ತಲ್ಲೋ ಮುಕುಂದ," ಎಂದರು. ಅಂದು ಏಕಾದಶಿಯೇ; ದಿನವಿಡೀ ಉಪವಾಸವಿದ್ದು ಬಂದಿದ್ದ ನನಗೆ ಬೇರೆ ಬೈಗುಳ ಬೇಕಿರಲಿಲ್ಲ. ಮೇಡಂ ತಪ್ಪು ತಮ್ಮ ಕಚೇರಿಯದೆಂದು ತಮ್ಮ ಹೆಸರಿನಲ್ಲೇ ಬರೆದು, ಸಭೆಯನ್ನು ಭಾನುವಾರಕ್ಕೆ ಹಾಕಿಸಿದರು.

ಭಾನುವಾರ ಹಾಲ್ ಕಿಕ್ಕಿರಿಯಿತು! ಅವಿಟಲ್ ಬರೆದುಕೊಂಡು ಬಂದಿದ್ದಳು, ದನಿಯೇ ಏಳಲಿಲ್ಲ. ಮೇಡಂ ವೇದಿಕೆ ಇಳಿದು ಅವಳ ಪಕ್ಕ ಕುಳಿತರು. ಎರಡನೆಯ ಸಾಲಿಗೆ ದನಿ ನೆಲೆ ಕಂಡಿತು. ಮೂರು ತಿಂಗಳಿಂದ ಲೈಬ್ರರಿಯಲ್ಲಿ ಒಬ್ಬಳೇ ಊಟ ಮಾಡುತ್ತಿದ್ದೇನೆ ಎಂದು ಓದಿದಾಗ ಸೂಪರಿಂಟೆಂಡೆಂಟರು ಪೆನ್ನು ಕೆಳಗಿಟ್ಟರು. ದೂರಿಗೆ ಎರಡೇ ದಿನದಲ್ಲಿ ಉತ್ತರ, ಟೀಚರುಗಳಿಗೆಲ್ಲ ತರಬೇತಿ ಎಂಬ ನಿಯಮ ಅಂದೇ ಒಪ್ಪಿಗೆಯಾಯಿತು. ಅವಿಟಲ್ ಶಾಲೆ ಬಿಡಲಿಲ್ಲ.

ಭಗವಂತ ಅವರಿಗೆ ಶತಾಯುಷ್ಯ ಕೊಡಲಿ. ಇನ್ನಾದರೂ ವಿಶ್ರಾಂತಿ ತಗೊಳ್ಳಿ ಮೇಡಂ ಎಂದು ಮೊನ್ನೆ ಕೇಳಿಕೊಂಡೆ. "ಬೇರೆ ಊರುಗಳ ಹನ್ನೊಂದು ಶಾಲೆ ಇನ್ನೂ ಆ ನಿಯಮ ಒಪ್ಪಿಲ್ಲ. ಸೋಮವಾರ ಬಿಡುವಿದೆಯೇನೋ?" ಎಂದರು. ಅವರ ಜೊತೆ ಹೋಗಲು ರಜೆ ಹಾಕಿದ್ದೇನೆ.