ಚೀಟಿಯೊಳಗಿನ ಜೋಳದ ಕಾಳು

ಮೊನ್ನೆ, ಮಳೆ ಬಂದ ಮರುದಿನ, ನಮ್ಮ ಜಲಾಶಯದ ದಂಡೆಗುಂಟ ಅಡ್ಡಾಡಿ ಬಂದೆ. ಚಪ್ಪಲಿಗೆ ಎರಿಮಣ್ಣು ಮೆತ್ತಿ ಒಂದೊಂದೂ ಸೇರು ಭಾರವಾಗಿತ್ತು. ಹೊಸ್ತಿಲಲ್ಲಿ ಕುಳಿತು ಕಡ್ಡಿಯಿಂದ ಕೆರೆಯುವಾಗ ಅದರ ಹಸಿ ವಾಸನೆ ಮೂಗಿಗೆ ಬಡಿಯಿತು. ಈ ಕರಿ ಮಣ್ಣನ್ನು ಕಂಡರೆ ರೈತನ ಮಗ ಹಿಗ್ಗಬೇಕು. ನನಗೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಎಪ್ಪತ್ತರ ದಶಕದ ಮಾತು. ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ಸೀಮೆಯಲ್ಲಿ, ಹಳ್ಳದ ದಂಡೆಗೆ ನಮ್ಮ ಹಳೆಯ ಊರಿತ್ತು. ಹಳ್ಳಕ್ಕೆ ಅಡ್ಡಲಾಗಿ ಜಲಾಶಯದ ಒಡ್ಡು ಕಟ್ಟಿದರು, ಊರು ಮುಳುಗುವುದೆಂದಾಯಿತು. ಹೊಸ ಊರಿಗೆ ಎರಡು ಜಾಗ ಸಿಕ್ಕವು: ಕೆಳಗೆ ಎರಿಹೊಲ, ಮೇಲೆ ಬರೀ ಕಲ್ಲಿನ ಮರಡಿ. ಒಕ್ಕಲುತನದವರ ಓಣಿಗೆ ಯಾವುದು, ಕುರಿ ಕಾಯುವವರ ಓಣಿಗೆ ಯಾವುದು, ಚೀಟಿ ಎತ್ತೋಣವೆಂದು ಹಿರಿಯರು ಠರಾಯಿಸಿದರು. ಬರೆಯುವವನು ಹೈಸ್ಕೂಲು ಮುಗಿಸಿದ ನಾನೇ. ಕಿಸೆಗೊಂದು ಫೌಂಟನ್ ಪೆನ್ನು ಸಿಕ್ಕಿಸಿಕೊಂಡು ಕಲೆಕ್ಟರನಂತೆ ತಿರುಗುತ್ತಿದ್ದ ಕಾಲವದು.

ನಮ್ಮ ಓಣಿಗೆ ಹಿರಿಯನಾದ ದೊಡ್ಡಪ್ಪ ನನ್ನನ್ನು ಹಿತ್ತಲಿಗೆ ಕರೆದ. "ತಮ್ಮಾ, ಬಂಗಾರದಂಥಾ ಎರಿ ಕುರಿ ಕಾಲಾಗ ಹೋಗಬಾರದು ನೋಡು."

ನಾನು ಎರಿಯ ಚೀಟಿಯ ಮಡಿಕೆಯಲ್ಲಿ ಒಂದು ಜೋಳದ ಕಾಳಿಟ್ಟೆ. ದೊಡ್ಡಪ್ಪ ಎರಡೂ ಚೀಟಿ ಹಾಕಿದ್ದ ತಾಮ್ರದ ಚೆರಿಗೆಯೊಳಗೆ ಕೈಯಾಡಿಸಿ, ಬೆರಳಿಗೆ ಕಾಳು ಹತ್ತಿದ ಚೀಟಿ ಎತ್ತಿ, "ದೇವರು ಕೊಟ್ಟದ್ದು" ಎಂದು ಕೈಮುಗಿದ. ಬಿಚ್ಚುವಾಗ ಉದುರಿದ ಕಾಳನ್ನು ನಾನು ಕಾಲಡಿ ಒತ್ತಿಕೊಂಡೆ. ಕುರಿಯವರ ಓಣಿಯ ಹಿರಿಯಳು ಮಾಳವ್ವ ಉಳಿದ ಚೀಟಿಯನ್ನು ನನ್ನ ಕೈಗೇ ಕೊಟ್ಟು, "ಓದಪಾ ಸಾಹೇಬಾ" ಎಂದಳು. ಓದಿದೆ. ಮರಡಿ.

ಬೆಳೆಗೆ ಒಳ್ಳೆಯ ಮಣ್ಣು ಮನೆಗೂ ಒಳ್ಳೆಯದೆಂದು ನಂಬುವುದು ನಮ್ಮಂಥ ಹೊಲದವರೇ ಮಾಡಬಲ್ಲ ತಪ್ಪು. ಜಲಾಶಯ ತುಂಬಿದ ವರ್ಷ ಎರಿ ಉಬ್ಬಿತು, ಬೇಸಿಗೆಗೆ ಬಾಯಿ ಬಿಟ್ಟಿತು. ಹಾಕಿದ ಬಾಗಿಲು ತೆಗೆಯಲು ಬಾರದು. ಗೋಡೆಯ ಬಿರುಕಿನಲ್ಲಿ ನೆರೆಮನೆಯ ಪಲ್ಯ ಯಾವುದೆಂದು ಕಾಣುತ್ತಿತ್ತು. ಮರುವರ್ಷದ ಮಳೆಗೆ ಓಣಿ ಕುಸಿಯತೊಡಗಿದಾಗ ಮಾಳವ್ವ ತನ್ನವರನ್ನೆಲ್ಲ ಕರೆದುಕೊಂಡು ಇಳಿದು ಬಂದಳು.

"ಏಳ್ರಿ ಗೌಡ್ರ. ಎರಿ ಜ್ವಾಳಕ್ಕ ಪಾಡ, ಗ್ವಾಡಿಗಲ್ಲ. ಮಳಿಗಾಲದಾಗ ಕುರಿ ಸೈತ ಅಲ್ಲಿ ಮಲಗೂದಿಲ್ಲ!"

"ನಿಮ್ಮ ಜಾಗಾದಾಗ ನಾವು ಹೆಂಗ..." ದೊಡ್ಡಪ್ಪ ತಡವರಿಸಿದ.

"ಮತ್ತ ರಾಡ್ಯಾಗ ಕುಂದರ್ತೀರೇನು?"

ಮರಡಿಯ ಮೇಲೆ ನಮಗೂ ಜಾಗ ಬಿಟ್ಟು, ಮಾಳವ್ವನವರು ತಮ್ಮ ಕುರಿದೊಡ್ಡಿಯ ಗೋಡೆಗಳನ್ನು ತಾವೇ ಕಿತ್ತು ನಮ್ಮ ಅಡಿಪಾಯಕ್ಕೆ ಕಲ್ಲು ಕೊಟ್ಟರು. ಕಲ್ಲು ಹೊರುತ್ತ ನಾನು ಮಾಳವ್ವನಿಗೆ ಕಾಳಿನ ಸಂಗತಿ ಹೇಳಿಬಿಟ್ಟೆ. ಕೊನೆಗೆ ಮರಡಿಯೇ ಪಾಡಾಯಿತಲ್ಲ, ಒಳ್ಳೆಯದೇ ಆಯಿತಲ್ಲ, ನಕ್ಕಾಳು ಎಂದುಕೊಂಡಿದ್ದೆ. ಅವಳು ತಲೆಯ ಮೇಲಿನ ಕಲ್ಲು ಇಳಿಸಿದಳು.

"ತನ್ನ ನಸೀಬಾನ ಖೊಟ್ಟಿ, ಹಣೆಬರಾನ ಕೆಟ್ಟೈತಿ ಅಂತ ನನ್ನ ಗಂಡ ಮೂರು ದಿನ ಉಂಡಿಲ್ಲೊ. ನನ್ನ ಮುಂದ ಹೇಳಿದ್ರ ಏನ್ ಬಂತು? ಊರ ಮುಂದ ಹೇಳು."

"ಹೇಳ್ತೇನಿ" ಎಂದೆ. ಹೇಳಲಿಲ್ಲ. ದೊಡ್ಡಪ್ಪ ಇರುವವರೆಗೆ ಅವನ ಮರ್ಯಾದೆಯ ನೆಪ, ಆಮೇಲೆ ನನ್ನದು. ಮಾಳವ್ವ, ಅವಳ ಗಂಡ ಇಬ್ಬರೂ ಹೋದರು. ಮರಡಿಯ ಮೇಲೆ ಶಾಲೆಯಾಯಿತು, ಬಸ್ಸು ಬಂತು, ಎರಡು ಓಣಿ ಕೂಡಿ ಒಂದು ಊರಾಯಿತು. ಈಗ ಇಂಡಿ, ಸಿಂದಗಿಯವರೂ ನಮ್ಮ ಸಂತೆಗೆ ಕುರಿ ಕೊಳ್ಳಲು ಬರುತ್ತಾರೆ.

ಮೊನ್ನೆ ಚಪ್ಪಲಿಯ ಎರಿ ಕೆರೆದ ಮೇಲೆ ಇನ್ನು ತಡೆಯಲಾಗಲಿಲ್ಲ. ನಿನ್ನೆ ಸಂತೆಯಿತ್ತು. ಕಟ್ಟೆ ಹತ್ತಿ ನಿಂತು ಎಲ್ಲವನ್ನೂ ಹೇಳಿದೆ. ಏನನ್ನೂ ಬಿಡಲಿಲ್ಲ.

"ಹಂಗಾರ ಮುತ್ಯಾ, ನಿನ್ನ ಮೋಸದಿಂದನ ಊರು ಉಳೀತಲ್ಲೊ!" ಯಾರೋ ಚಾಷ್ಟಿ ಮಾಡಿದರು.

"ಇಲ್ಲಪಾ. ಮೋಸ ನಂದು. ಊರು ಮಾಳವ್ವಂದು."

ಉಳ್ಳಾಗಡ್ಡಿ ಮಾರುತ್ತ ಕೂತಿದ್ದ ಮಾಳವ್ವನ ಮಗಳು ಲಕ್ಕವ್ವ ತಕ್ಕಡಿ ಕೆಳಗಿಟ್ಟಳು. ಎದ್ದು, ಸೆರಗು ಸಿಕ್ಕಿಸಿ, ಇಡೀ ಸಂತೆಗೆ ಕೇಳುವಂತೆ ಕೂಗಿದಳು:

"ಕೇಳಿದ್ರೇನ್ರೀ ಎಲ್ಲಾರೂ? ನಮ್ಮಪ್ಪನ ನಸೀಬ ಖೊಟ್ಟಿ ಇರಲಿಲ್ಲ!"