ನಮ್ಮ ಕೈ ನಪಾಸಾದ ದಿನ

ಟ್ರಯಲ್ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ಜಗಳೂರು ಕಡೆಯ ನಮ್ಮೂರಿಗೆ ಬಂದ ಮೇಸ್ತ್ರಿ ಆ ಮಾತನ್ನು ಬಾಯಿ ತುಂಬ ಹೇಳಿದ್ದ. ಚನ್ನಗಿರಿ ಹತ್ತಿರ ಅಡಿಕೆ ಸುಲಿಯುವ ಶೆಡ್ಡು, ಎರಡು ತಿಂಗಳ ಕೆಲಸ, ಇರಲು ರೂಮು. ಮೊದಲ ದಿನ ಟ್ರಯಲ್, ಅದಕ್ಕೆ ಕೂಲಿಯಿಲ್ಲ, ಪಾಸಾದವರು ಉಳಿಯಬಹುದು. ನಾನು, ನನ್ನ ಅತ್ತಿಗೆ, ಇನ್ನೂ ಹದಿನಾಲ್ಕು ಹೆಂಗಸರು ಟೆಂಪೋ ಹತ್ತಿದೆವು. ಅಣ್ಣ ತೀರಿಕೊಂಡಿದ್ದ. ಈ ಕೆಲಸ ಸಿಗದಿದ್ದರೆ ಅತ್ತಿಗೆಗೆ ಕಾಫಿ ತೋಟವೇ ಗತಿ. ಅಲ್ಲಿ ಇಬ್ಬರು ಆಳಿದ್ದರೆ ಮಾತ್ರ ಇರಲು ಮನೆ ಕೊಡುತ್ತಾರೆ. ಎರಡನೆಯ ಆಳು ಎಂದರೆ ಪಿಯುಸಿ ಓದುತ್ತಿದ್ದ ಅವಳ ಮಗಳು.

ಬೆಳಗಿನಿಂದ ಯಾರೂ ಸೊಂಟ ಎತ್ತಲಿಲ್ಲ. ಅತ್ತಿಗೆಯ ಹೆಬ್ಬೆರಳಿಗೆ ಕತ್ತಿ ತಗುಲಿತು. ರಕ್ತ ಕಂಡರೆ ನಪಾಸು ಮಾಡುತ್ತಾರೆಂದು ಸೆರಗಿನ ಚೂರು ಸುತ್ತಿಕೊಂಡು ಸುಲಿದಳು. ಸಂಜೆಗೆ ಅಡಿಕೆ ರಾಶಿ ಖಾಲಿ. ಮೇಸ್ತ್ರಿ ನಾಲ್ಕು ಅಡಿಕೆ ಎತ್ತಿ ತಿರುಗಿಸಿ ನೋಡಿದ.

"ಅಡಿಕಿಗೆ ಗಾಯ ಆಗೈತೆ. ನಿಮ್ಮ ಕೈ ಇನ್ನೂ ಕೂತಿಲ್ಲ ಕಣ್ರವ್ವ. ಹದಿನೈದು ದಿನ ಬಿಟ್ಟು ಬರ್ರಿ, ಇನ್ನೊಂದ್ಸಲ ನೋಡಾಣ."

ಹದಿನಾರು ಜನರೂ ನಪಾಸು. ತಪ್ಪು ನಮ್ಮದೇ ಎಂಬಂತೆ ತಲೆ ತಗ್ಗಿಸಿ ಬಸ್ ಹತ್ತಿದೆವು. ಅದನ್ನು ನೆನೆದರೆ ಅವನಿಗಿಂತ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಹತ್ತು ದಿನದ ಮೇಲೆ ನ್ಯಾಮತಿಗೆ ಮದುವೆಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕ ಕೂತ ಹೊನ್ನಾಳಿ ಕಡೆಯ ಹೆಂಗಸಿನ ಬೆರಳಿಗೂ ಬಟ್ಟೆ ಸುತ್ತಿತ್ತು. ಕೇಳಿದೆ. ಅದೇ ಶೆಡ್ಡು, ಅದೇ ಮೇಸ್ತ್ರಿ. ನಾವು ಹೋದ ಮರುದಿನವೇ ಅವರ ಟ್ರಯಲ್.

"ಒಬ್ಬರೂ ಪಾಸಾಗಲಿಲ್ಲ ಕಣಕ್ಕ. ಕೈ ಕೂತಿಲ್ವಂತೆ," ಎಂದಳು.

ದಿನಕ್ಕೊಂದು ಊರಿನ ಹೆಂಗಸರು, ದಿನಕ್ಕೊಂದು ರಾಶಿ. ಆ ಶೆಡ್ಡಿನಲ್ಲಿ ಕೂಲಿ ಕೊಟ್ಟು ಮಾಡಿಸುವ ಕೆಲಸವೇ ಇರಲಿಲ್ಲ. ಹಲ್ಕಟ್ ನನ್ಮಗ ಎಂದು ಬಸ್ಸಿನಲ್ಲೇ ಬೈದೆ. ಮುಂದೆ ಕೂತವರು ತಿರುಗಿ ನೋಡಿದರು, ನೋಡಲಿ.

ಊರಿಗೆ ಬಂದವಳೇ ಅತ್ತಿಗೆಯ ಮನೆಗೆ ಹೋದೆ. ಅಂಗಳದಲ್ಲಿ ಕೂತು, ಯಾರದೋ ತೋಟದಿಂದ ಕೇಳಿ ತಂದ ಹಸಿ ಅಡಿಕೆ ಸುಲಿಯುತ್ತಿದ್ದಳು. ಎಷ್ಟು ಹೊತ್ತಿಗೆ ಎಷ್ಟು ಸುಲಿಯುತ್ತಾಳೆಂದು ಮಗಳು ಮೊಬೈಲ್ ಹಿಡಿದು ಹೊತ್ತು ನೋಡುತ್ತಿದ್ದಳು. ಎರಡನೇ ಟ್ರಯಲ್‌ಗೆ ಐದು ದಿನ ಉಳಿದಿತ್ತು.

ನಾನು ಎಲ್ಲ ಹೇಳಿದೆ. ಅತ್ತಿಗೆ ಬೈಯಲಿಲ್ಲ, ಅಳಲೂ ಇಲ್ಲ. ಸುತ್ತಿದ್ದ ಬಟ್ಟೆ ಬಿಚ್ಚಿ ಹೆಬ್ಬೆರಳು ನೋಡಿಕೊಂಡಳು.

"ಹಂಗಾರೆ ನನ್ನ ಕೈ ಚೆನ್ನಾಗೇ ಇತ್ತಾ?" ಎಂದಳು.

"ಚೆನ್ನಾಗೇ ಇತ್ತು ಅತ್ತಿಗೆ."

ಮಗಳು ಮೊಬೈಲ್ ಕೆಳಗಿಟ್ಟು, "ಕಾಫಿ ತೋಟಕ್ಕೆ ಯಾವತ್ತು ಹೊರಡಾದವ್ವ?" ಎಂದು ಕೇಳಿದಳು.