ವಾಚ್‌ಮ್ಯಾನ್ ನಂಬರು

ರಜಿಯಾ, ಅವತ್ತು ತಪ್ಪಿದ್ದು ನಿಮ್ಮ ಪ್ರೋಗ್ರಾಂ ಅಲ್ಲ. ಅದರಲ್ಲಿ ಕೈಯಾಡಿಸಿ ಕೆಡಿಸಿದವನು ನಾನು — ಕೆಟ್ಟ ಮೇಲೆ, ಯಾರಿಗೂ ಹೇಳದೆ, ಮೊದಲಿದ್ದ ಹಾಗೇ ಮಾಡಿಟ್ಟವನೂ ನಾನೇ. ಇದನ್ನು ಇಷ್ಟು ವರ್ಷ ನುಂಗಿಕೊಂಡು ಓಡಾಡಿದ್ದೇನೆ.

2014ರ ಬೇಸಿಗೆ. ಕೊಡಿಗೇಹಳ್ಳಿಯ ಹಾರ್ಡ್‌ವೇರ್ ಅಂಗಡಿಯ ಮೇಲೆ ನಮ್ಮ ಪುಟ್ಟ ಆಫೀಸು. ಜನ ಫೋನಿನಲ್ಲಿ ಬಿಟ್ಟ ಸಂದೇಶವನ್ನು ಕಂಪ್ಯೂಟರೇ ಕೇಳಿಸಿಕೊಂಡು, ಅದರೊಳಗಿನ ಹೆಸರು, ನಂಬರು ಹೆಕ್ಕಿ ಕೊಡಬೇಕು — ಅದು ನಾವು ಮಾಡಹೊರಟಿದ್ದ ಕೆಲಸ. ಮೊದಲ ಗಿರಾಕಿ ತಣಿಸಂದ್ರದ ಗೌಡರು. ನೀರಿನ ಟ್ಯಾಂಕರ್ ಮಾಲೀಕರು. ಬೇಸಿಗೆಯಲ್ಲಿ ಅವರಿಗೆ ಫೋನೆತ್ತಲೂ ಪುರುಸೊತ್ತಿಲ್ಲ. ನಾವು ಹೆಕ್ಕಿಕೊಟ್ಟ ನಂಬರಿಗೆ ಅವರ ಡ್ರೈವರ್‌ಗಳು ತಿರುಗಿ ಫೋನ್ ಮಾಡಿ ನೀರು ತಲುಪಿಸುತ್ತಿದ್ದರು.

ನಮ್ಮ ಜನ ಮಾತಾಡುವ ರೀತಿಯನ್ನು ನಿಮ್ಮಷ್ಟು ಪ್ರೀತಿಯಿಂದ ಕೇಳಿದವರನ್ನು ನಾನು ಕಂಡಿಲ್ಲ. ಡಬಲ್ ನೈನ್ ಎಂದು ಶುರುಮಾಡಿ ಸೊನ್ನೆ, ಏಳು ಎಂದು ಮುಗಿಸುವವರು, ನಡುವೆ ಮಗುವನ್ನು ಗದರಿ ಮುಂದುವರಿಸುವವರು — ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿಕೊಂಡು ನಗುತ್ತಿದ್ದಿರಿ. ಒಂದು ದಿನ ನನ್ನನ್ನೂ ಕರೆದು ಕೇಳಿಸಿದಿರಿ. ಯಾರೋ ಹೆಂಗಸು, "ಇದು ನಮ್ ವಾಚ್‌ಮ್ಯಾನ್ ನಂಬರು" ಎಂದು ಒಂದು ನಂಬರನ್ನು ಪೂರ್ತಿ ಹೇಳಿ, "ಇದಕ್ಕೆ ಮಾಡ್ಬೇಡಿ, ನಂದು ಬರ್ಕೊಳ್ಳಿ" ಎಂದು ಇನ್ನೊಂದನ್ನು ಹೇಳುತ್ತಿದ್ದರು.

"ಬೇಡದೇ ಇರೋ ನಂಬರ್ ಯಾಕ್ರೀ ಹೇಳ್ತಾರೆ?" ಎಂದೆ.

"ಯಾರ್ ಫೋನಿಂದ ಮಾಡ್ತಿದೀನಿ ಅಂತ ಮೊದ್ಲು ಹೇಳೋದು ಒಂದ್ ಮರ್ಯಾದೆ ಅಲ್ವಾ? ನಾವು ಕೊನೇವರ್ಗೂ ಕೇಳ್ಬೇಕು, ಅಷ್ಟೇ ಕಣ್ರೀ."

ಆ ಮಾತನ್ನೇ ಪ್ರೋಗ್ರಾಂನಲ್ಲಿ ಬರೆದಿರಿ — ಸಂದೇಶ ಮುಗಿಯುವವರೆಗೂ ಕಾಯುವುದು, ಬೇಡವೆಂದ ನಂಬರನ್ನು ಬಿಡುವುದು. ಎಷ್ಟು ಸರಳ, ಎಷ್ಟು ಸರಿ. ತುಂಬ ಮೆಚ್ಚಿಕೊಂಡೆ. ಹೊಟ್ಟೆಕಿಚ್ಚೂ ಪಟ್ಟೆ.

ತಂಗಿಯ ಮದುವೆಗೆಂದು ನೀವು ರಜೆಯಲ್ಲಿದ್ದಾಗ ಬಂಡವಾಳ ಹಾಕುವವರು ನೋಡಲು ಬಂದರು. ಕಾಯುವುದು ನಿಧಾನವೆನಿಸಿ, ಮೊದಲ ನಂಬರು ಸಿಕ್ಕಿದೊಡನೆ ನಿಲ್ಲುವ ಹಾಗೆ ಬದಲಾಯಿಸಿದ್ದೆ. ಅವರು ವೇಗಕ್ಕೆ ತಲೆದೂಗಿದರು. ನಾನು ಉಬ್ಬಿಹೋದೆ, ಗೌಡರಿಗೂ ಅದನ್ನೇ ಹಾಕಿಕೊಟ್ಟೆ.

ಡ್ರೈವರ್‌ಗಳ ಫೋನೆಲ್ಲ ವಾಚ್‌ಮ್ಯಾನ್‌ಗಳಿಗೆ ಹೋಗತೊಡಗಿತು. ಅಮೃತಹಳ್ಳಿಯ ಒಂದು ಮನೆಯಲ್ಲಿ ನಾಮಕರಣ, ನೆಂಟರು ತುಂಬಿದ್ದಾರೆ, ಸಂಪಿನಲ್ಲಿ ತೊಟ್ಟು ನೀರಿಲ್ಲ. ಗೌಡರು ಮೆಟ್ಟಿಲು ಹತ್ತಿ ಬಂದೇಬಿಟ್ಟರು. "ಅದ್ಯಾರಪ್ಪಾ ಇಂಗ್ ಮಾಡ್ದೋರು? ನನ್ ಮರ್ವಾದೆ ಏನಾಗ್ಬೇಕು?"

ನೀವು ಅಂದೇ ಕೆಲಸಕ್ಕೆ ಮರಳಿದ್ದಿರಿ. ನಮ್ಮ ಯಜಮಾನರು ಮೂರ್ತಿ ಸಾರ್ ನಿಮ್ಮತ್ತ ನೋಡಿದರು. ನಾನು — ನಾನು ನನ್ನ ಮಾನಿಟರ್ ನೋಡಿದೆ.

"ನಂದೇ ಸಾರ್, ನೋಡ್ತೀನಿ" ಎಂದಿರಿ. ಆದರೆ ಮೊದಲು ಪ್ರೋಗ್ರಾಂ ಮುಟ್ಟಲಿಲ್ಲ. ಒಂದೊಂದು ಸಂದೇಶವನ್ನೂ ಕಿವಿಯಲ್ಲೇ ಕೇಳಿ, ಸರಿಯಾದ ನಂಬರು ತೆಗೆದು, ಫೋನ್ ಮಾಡಿ, ಕನ್ನಡದಲ್ಲಿ, ದಖನಿಯಲ್ಲಿ, ತಿಳಿದಷ್ಟು ತಮಿಳಿನಲ್ಲಿ ಕ್ಷಮೆ ಕೇಳಿದಿರಿ. ನಾಮಕರಣದ ಮನೆಗೆ ಟ್ಯಾಂಕರ್ ತಲುಪಿತೆಂದು ಗೊತ್ತಾಗುವವರೆಗೂ ಊಟದ ಡಬ್ಬಿ ತೆರೆಯಲಿಲ್ಲ. ಆ ಹೊತ್ತಿನಲ್ಲೇ ನಾನು ನಿಮ್ಮ ಹಳೆಯ ಸಾಲುಗಳನ್ನು ವಾಪಸ್ ಸೇರಿಸಿಬಿಟ್ಟೆ. ಯಾರು ಏನು ತಿದ್ದಿದರೆಂದು ದಾಖಲಿಡುವ ಶಿಸ್ತು ನಮ್ಮ ಆಫೀಸಿಗೆ ಇನ್ನೂ ಬಂದಿರಲಿಲ್ಲ.

ಇಲ್ಲದ ತಪ್ಪನ್ನು ವಾರಗಟ್ಟಲೆ ಹುಡುಕಿದಿರಿ. ನಾನೂ ಪಕ್ಕದ ಕುರ್ಚಿಯಲ್ಲಿ ಕೂತು ಹುಡುಕಿದ ಹಾಗೆ ಮಾಡಿದೆ.

"ನನ್ ಕಿವಿ ಮೇಲೇ ನಂಗೆ ನಂಬ್ಕೆ ಹೋಯ್ತು ಕಣ್ರೀ" ಎಂದಿರಿ ಕೆಲಸ ಬಿಟ್ಟ ದಿನ. ನಾನು ಕಾಫಿ ಕೊಡಿಸಿ ಸಮಾಧಾನ ಹೇಳಿದೆ — ನಾನು, ಸಮಾಧಾನ.

ಕಂಪನಿ ಇವತ್ತಿಗೂ ಮಾರುತ್ತಿರುವುದು ನೀವು ಬರೆದದ್ದನ್ನೇ, ನನ್ನ ಹೆಸರಿನಲ್ಲಿ. ನಿನ್ನೆ ಮೂರ್ತಿ ಸಾರ್ ಎದುರು ಕೂತು ಎಲ್ಲ ಹೇಳಿದೆ. ಅವರು "ಅವ್ರಿಗ್ ಹೇಳಿದ್ಯೇನಪ್ಪಾ?" ಎಂದಷ್ಟೇ ಕೇಳಿದರು.

ಈಗ ಹೇಳುತ್ತಿದ್ದೇನೆ. ಧ್ವನಿಗೆ ಸಂಬಂಧಿಸಿದ ಕೆಲಸ ಯಾರು ಕೊಟ್ಟರೂ ಬೇಡವೆನ್ನುತ್ತೀರಂತೆ. ಆ ತಪ್ಪು ಎಲ್ಲಿತ್ತೆಂದು ಇನ್ನೂ ಹುಡುಕುತ್ತಿದ್ದರೆ — ಸಾಕು ರಜಿಯಾ. ಅದು ನಿಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿತ್ತು.